ಬೇಯದ ಬ್ಯಾಳಿ, ಬಿ.ಎಸ್ಸಿ. ಮಾಸ್ತರ

ಶಾಣ್ಯಾ ಅಂತ ಹೆಸರ ತಗೊಂಡಾವನ ಮನ್ಯಾಗ ಫಜೀತಿಗೆ ಯಾವತ್ತೂ ಬರಗಾಲ ಇರೂದಿಲ್ರಿ. ನಮ್ಮನ್ಯಾಗಂತೂ ಅದು ದಿನಾ ಮುಂಜಾನೆ ಹಾಲಿನಾಂವ ಬರೂಕಿಂತ ಮೊದ್ಲ ಬಂದು ಬಾಗಲಾ ಬಡೀತಿತ್ತು.

ಎಪ್ಪತ್ತರ ದಶಕದ ಮಾತು. ನಾ ಕುಂದಗೋಳ ಕಡಿಯಾಂವ. ಧಾರವಾಡದ ಹಾಸ್ಟೆಲಿನ್ಯಾಗ ಇದ್ದು, ರಸಾಯನಶಾಸ್ತ್ರ ತಗೊಂಡು ಬಿ.ಎಸ್ಸಿ. ಮುಗಿಸಿ, ಶಲವಡಿ ಆಚೆ ಒಂದು ಎರಿ ಭೂಮಿ ಊರಿನ ಹೈಸ್ಕೂಲಿಗೆ ವಿಜ್ಞಾನ ಮಾಸ್ತರ ಆಗಿ ಬಂದೆ. ಇಡೀ ಶಾಸ್ತ್ರದಾಗ ನನಗ ಅಗದಿ ಸೇರೂ ಪಾಠ ಅಂದ್ರ ಪ್ರಕ್ಷೇಪ. ಎರಡು ತಿಳಿ ನೀರು ಕೂಡಿಸ್ತೀರಿ. ನಡುವ ಮೂರನೇದ್ದೊಂದು ಹುಟ್ಟತೈತಿ, ಕರಗಲಾರದ ಮೋಡದಂಗ ಎದ್ದು ಮೆಲ್ಲಕ ತಳಕ್ಕ ಕುಂಡ್ರತೈತಿ. ಗಾಜಿನ ನಳಿಗ್ಯಾಗ ಅದು ಇಳಿಯೂದು ನೋಡಕೋತ ನಿಂತ್ರ ನನಗ ಊಟದ ನೆನಪು ಇರ್ತಿದ್ದಿಲ್ಲ. ಮುಂದ ಊಟಾನ ಇಲ್ಲದಂಗ ಆತು, ಅದನ್ನ ಈಗ ಹೇಳ್ತೇನಿ.

ಅದ ಬ್ಯಾಸಗ್ಯಾಗ ಮದುವಿ ಆತು. ಹೆಂಡ್ತಿ ಕಲಘಟಗಿ ತಾಲೂಕು ದೇವಿಕೊಪ್ಪದಾಕಿ. ಅಡವಿ ದಂಡಿ ಊರು, ನೀರು ಅಂದ್ರ ಹಾಲಿನಂಥಾ ಮೆತ್ತನ್ನ ನೀರು. ನಮ್ಮ ಮಾವ ದೊಡ್ಡ ರುಮಾಲಿನ ಒಕ್ಕಲಿಗ. "ಹುಡುಗ ಬಿ.ಎಸ್ಸಿ. ಓದ್ಯಾನ, ನನ್ನ ಮಗಳಿಗೆ ಯಾವ ತ್ರಾಸೂ ಆಗಂಗಿಲ್ಲ" ಅಂತ ನಂಬಿ ಹೆಣ್ಣು ಕೊಟ್ಟಿದ್ರು, ಪಾಪ.

೧. ತಾಟಿನ್ಯಾಗ ಟಿಣ್

ಹೆಂಡ್ತಿ ನಮ್ಮ ಮನಿಗೆ ನಡೀಲಾಕ ಬಂದ ಮರುದಿನ ಬಾಜು ಮನಿ ಅಜ್ಜಿ ಜೋಡಿ ಹೋಗಿ ಊರ ಕೆರಿಯಿಂದ ಒಂದು ಕೊಡ ನೀರು ತಂದಿಟ್ಲು. ನಾ ಬಗ್ಗಿ ನೋಡಿದೆ. ಹೊಸ ಮಳಿ ನೀರು ಬಂದು ಸೇರಿದ್ದ ಕೆರಿ. ಕೊಡದಾಗಿನ ನೀರು ಥೇಟ್ ಚಹಾದ ಬಣ್ಣ.

"ಛೀ, ಇದನ್ನ ಉಣ್ಣಾಕ ಕುಡಿಯಾಕ ಬಳಸೂದು? ಹಿತ್ತಲದಾಗ ಬಾಂವಿ ಐತಲ್ಲ. ಹೋಗಿ ನೋಡು, ತಳದಾಗಿನ ಕಲ್ಲು ಎಣಿಸಬಹುದು, ಅಷ್ಟು ತಿಳಿ ಐತಿ" ಅಂದೆ.

ಕಟ್ಟಿ ಮ್ಯಾಲೆ ಕುಂತಿದ್ದ ಅಜ್ಜಿ ನಡುವ ಬಾಯಿ ಹಾಕಿದ್ಲು. "ಮಾಸ್ತರ, ಅದು ಸವಳು ನೀರ್ರಿ. ಭಾಂಡಿ ತಿಕ್ಕಾಕ ಅಷ್ಟ ಬರತೈತಿ. ಈ ಊರಾಗ ಬ್ಯಾಳಿ ಬೇಯೂದು ಕೆರಿ ನೀರಾಗ."

"ಅಜ್ಜೀ, ಬ್ಯಾಳಿ ಬೇಯೂದು ಬೆಂಕಿಲೆ, ನೀರಿನ ಬಣ್ಣದಲೆ ಅಲ್ಲ" ಅಂದೆ. ಎಂಥಾ ಮಾತು ಆಡಿದೆ ಅಂತ ನನಗ ನಾನ ಬೆನ್ನು ಚಪ್ಪರಿಸಿಕೊಂಡೆ.

ಹೆಂಡ್ತಿ ಬಾಂವಿ ನೀರಾಗ ತೊಗರಿಬ್ಯಾಳಿ ಇಟ್ಲು. ಒಂದು ತಾಸಾತು, ಎರಡಾತು. ವಾರದ ಕಟಗಿ ಒಂದ ಹೊತ್ತಿನ್ಯಾಗ ಉರದು ಬೂದಿ ಆತು. ಕಡೀಕೆ ಹಸಿವಿ ತಾಳಲಾರದ ಕುಂತೆ, ಅಕಿ ಸಾರು ಬಡಿಸಿದ್ಲು. ಒಂದು ಬ್ಯಾಳಿ ಸೌಟಿನಿಂದ ಜಾರಿ ತಾಟಿನ್ಯಾಗ ಬಿತ್ತು. ಟಿಣ್ ಅಂತು.

ಇಬ್ರೂ ತಾಟು ನೋಡಿದ್ವಿ. ಮಾಸ್ತರಕಿ ಚಟ ನೋಡ್ರಿ, ಸುಮ್ನ ಉಣ್ಣೂದು ಬಿಟ್ಟು ಪಾಠ ಸುರು ಮಾಡಿದೆ. "ಈ ನೀರಾಗ ಕ್ಯಾಲ್ಸಿಯಂ, ಮೆಗ್ನೀಷಿಯಂ ಭಾಳ ಇರಬೇಕು. ಅವು ಬ್ಯಾಳಿಗೆ ಹತ್ತಿ ಅದನ್ನ ಗಟ್ಟಿ ಮಾಡ್ತಾವ. ಇದಕ್ಕ ಗಡಸು ನೀರು ಅಂತಾರ."

"ಅಂದ್ರ ನಿಮಗ ಇದು ಮೊದ್ಲ ಗೊತ್ತಿತ್ತ?"

"ಗೊತ್ತಿಲ್ಲದ ಏನು? ಪರೀಕ್ಷಾದಾಗ ಬಂದಿತ್ತು. ಐದು ಮಾರ್ಕಿನ ಪ್ರಶ್ನೆ."

"ಎಷ್ಟು ಬಿದ್ವು?"

"ಐದಕ್ಕ ಐದು!"

ಅಕಿ ಸೌಟು ಪಾತ್ರ್ಯಾಗ ಇಟ್ಟು, ಸೆರಗಿಲೆ ಮಾರಿ ಒರಸಿಕೊಂಡು ಅಂದ್ಲು, "ಹಂಗಾರ ಇವತ್ತ ಅವನ್ನ ಉಣ್ರಿ."

೨. ಎಮ್ಮಿ ಯಾವಾಗ ಈತು?

ಎಂಟು ದಿನ ರೊಟ್ಟಿ, ಬ್ಯಾಳಿ ಇಲ್ಲದ ಖಾರಾ, ಬದನಿಕಾಯಿ, ಇಷ್ಟರ ಮ್ಯಾಲ ಕಾಲ ಹಾಕಿದ್ವಿ. ಒಂಬತ್ತನೇ ದಿನ ಹೆಂಡ್ತಿ ನನ್ನ ಮುಂದ ಕುಂತು ಒಂದೊಂದ ಮಾತು ಎಣಿಸಿ ಹೇಳಿದ್ಲು.

"ಪಂಚಮಿಗೆ ನನ್ನ ಕರಿಯಾಕ ಅಪ್ಪ ಬರ್ತಾನ್ರಿ. ಬಂದಾಗ ಹೋಳಿಗಿ ಮಾಡಬೇಕು. ಹೋಳಿಗಿಗೆ ಕಡ್ಲಿಬ್ಯಾಳಿ ಬೇಯಬೇಕು. ಅಪ್ಪ ಈ ಮನ್ಯಾಗ ಹಳ್ಳು ಜಗದು ಹೋದಾ ಅಂದ್ರ, ಪಂಚಮಿ ಮುಗದ ಮ್ಯಾಲ ನನ್ನ ತಿರುಗಿ ಕಳಸಂಗಿಲ್ಲ. ಖರೇ ಹೇಳ್ತೇನಿ, ನನಗೂ ಬರೂ ಮನಸು ಆಗಂಗಿಲ್ಲ."

ಮದುವಿ ಆಗಿ ಎರಡು ತಿಂಗಳು ತುಂಬಿರಲಿಲ್ಲ. ಅಕಿ ಮ್ಯಾಲ ನನಗ ಜೀವ ಇತ್ತು, ಆದ್ರ ಅದನ್ನ ಬಾಯಿಬಿಟ್ಟು ಹೇಳೂದು ಆಗಿನ ಕಾಲದಾಗ ನಮ್ಮಂಥಾವರಿಗೆ ಗೊತ್ತಿರಲಿಲ್ಲ. ಹಂಗಾಗಿ ಹೇಳೂದು ಬಿಟ್ಟು ನೀರಿನ ಬೆನ್ನ ಹತ್ತಿದೆ.

ಕೆರಿ ನೀರು ಆಗಲಿ, ಆದ್ರ ತಿಳಿ ಮಾಡಿ ಬಳಸೂಣು ಅಂತ ಒಪ್ಪಿದೆ. ಅಜ್ಜಿ ಒಂದು ಚಿಲ್ಲದ ಬೀಜ ತಂದು ಕೊಟ್ಲು. "ಇದನ್ನ ಕೊಡದ ಒಳಬಾಜು ತಿಕ್ಕಿ ನೀರು ತುಂಬರಿ, ಮುಂಜಾನೆ ಅನ್ನೂದ್ರಾಗ ರಾಡಿ ತಳಕ್ಕ ಕುಂಡ್ರತೈತಿ" ಅಂದ್ಲು. ನಾ ನಕ್ಕು ಕಿಡಕ್ಯಾಗ ಇಟ್ಟೆ. ಅದು ಖರೇನ ಕೆಲಸ ಮಾಡತೈತಿ ಅಂತ ಹತ್ತು ವರ್ಷ ಆದ ಮ್ಯಾಲ ಒಂದು ಪುಸ್ತಕದಾಗ ಓದಿ, ಆ ಹಾಳಿ ಮುಚ್ಚಿ ಸುಮ್ನ ಕುಂತೆ.

ನನ್ನ ಹಂತ್ಯಾಗ ಶಾಸ್ತ್ರದ ಮದ್ದು ಇತ್ತು, ಪಟಿಕ. ದಾಡಿ ಮಾಡಿದ ಮ್ಯಾಲ ಗಲ್ಲಕ್ಕ ತಿಕ್ಕತಾರಲ್ಲ, ಆ ಬಿಳಿ ಕಲ್ಲು. ನೀರಾಗ ಹಾಕಿದ್ರ ಅಂಟು ಅಂಟಾದ ಪ್ರಕ್ಷೇಪ ಆಗಿ, ತೇಲೂ ಮಣ್ಣನ್ನ ತೆಕ್ಕಿಗೆ ಬಡದು ಕೆಳಗ ಇಳಿಸ್ತೈತಿ. ಒಂದು ಕೊಡಕ್ಕ ಕಡ್ಲಿ ಕಾಳಿನಷ್ಟು ಸಾಕು. ಕ್ಷೌರದಾವನ ಕಡಿಂದ ಲಿಂಬಿಹಣ್ಣಿನಷ್ಟು ಕಲ್ಲು ತಂದೆ, ತಂದದ್ದನ್ನ ಉಳಸೂದು ಯಾಕ ಅಂತ ಎಲ್ಲಾ ಕರಗಿಸಿಬಿಟ್ಟೆ.

ನೀರು ತಿಳಿ ಆತು ನೋಡ್ರಿ, ಕೊಡ ಖಾಲಿ ಐತೇನೋ ಅನ್ನಬೇಕು! ನಾ ಹಿಗ್ಗಿ ಹೀರಿಕಾಯಿ ಆದೆ. ಅಷ್ಟರಾಗ ನಮ್ಮ ಹೆಡ್ಮಾಸ್ತರು ಮನಿ ಕಡೆ ಬಂದ್ರು. "ಸರ, ಬರ್ರಿ ಬರ್ರಿ, ಊರಿನ್ಯಾಗ ಯಾರೂ ಕುಡದಿರಲಾರದ ಚಹಾ ಕುಡಸ್ತೇನಿ" ಅಂತ ಕುಂಡ್ರಿಸಿದೆ.

ಪಟಿಕ ಹೆಚ್ಚಾಗಿ ಹುಳಿ ಆಗಿದ್ದ ನೀರು ಅದು. ಹಾಲು ಬಿದ್ದ ಕೂಡ್ಲೆ ಒಡೀತು. ಒಳಗ ಹೆಂಡ್ತಿ ಕಣ್ಣಲೆ ಬ್ಯಾಡ ಬ್ಯಾಡ ಅಂತಿದ್ರೂ ನಾ ಅವಸರದಾಗ ನೋಡಲಾರದ ಕಪ್ಪಿಗೆ ಬಗ್ಗಿಸಿ ತಂದುಕೊಟ್ಟೆ. ಹೆಡ್ಮಾಸ್ತರು ಕಪ್ಪು ತಿರಿವಿ ತಿರಿವಿ ನೋಡಿದ್ರು. ಒಂದು ಗಡ್ಡಿ ಬಾಯಾಗ ಇಟ್ಟುಕೊಂಡು, ಕಣ್ಣು ಮುಚ್ಚಿ ರುಚಿ ನೋಡಿದ್ರು.

"ಮಾಸ್ತರ, ನಿಮ್ಮ ಎಮ್ಮಿ ಯಾವಾಗ ಈತ್ರಿ? ಒಂದು ಮಾತೂ ಹೇಳಲಿಲ್ಲ" ಅಂದ್ರು. "ಗಿಣ್ಣ ಛಲೋ ಆಗೈತಿ, ಬೆಲ್ಲ ಒಂದೀಟು ಕಡಿಮಿ ಬಿದ್ದೈತಿ."

೩. ಗೌಡ್ರ ಬಾಂವಿ ಅಗದಿ ಗಟ್ಟಿ

ತಪ್ಪು ನಂದು ಅನ್ನೂದು ಬಿಟ್ಟು ಕೆರಿ ಮ್ಯಾಲ ಹಾಕಿದೆ. ಕೆರಿ ನೀರಿನ ಸಹವಾಸನ ಬ್ಯಾಡ, ಊರಾಗಿನ ಬಾಂವಿಯೊಳಗ ಯಾವುದರಾಗ ಉಪ್ಪು ಕಡಿಮಿ ಐತಿ ಹುಡಕೂಣು ಅಂತ ಹೊಂಟೆ. ಸಾಲಿ ಕಪಾಟಿನ್ಯಾಗ ಸಿಲ್ವರ್ ನೈಟ್ರೇಟ್ ಅಂತ ಒಂದು ಕಂದು ಬಾಟ್ಲಿ ಇತ್ತು. ನೀರಾಗ ಉಪ್ಪಿದ್ರ ಅದರ ಎರಡು ಹನಿಗೆ ಬೆಳ್ಳಗ ಮೊಸರಿನಂಥಾ ಪ್ರಕ್ಷೇಪ ಬೀಳತೈತಿ. ಎಷ್ಟು ಬೆಳ್ಳಗೋ ಅಷ್ಟು ಉಪ್ಪು. ಹೆಡ್ಮಾಸ್ತರು ಬಾಟ್ಲಿ ಕೊಡೂ ಮುಂದ, "ಇದರಾಗ ಬೆಳ್ಳಿ ಐತ್ರಿ, ಜೋಪಾನ" ಅಂತ ಮೂರು ಸಲ ಹೇಳಿದ್ರು.

ರವಿವಾರ ಬಾಂವಿಯಿಂದ ಬಾಂವಿಗೆ ತಿರಗಿದೆ. ನನ್ನ ಹಿಂದ ಅರ್ಧ ಊರು. "ಮಾಸ್ತರ ನೀರಾಗಿಂದ ಹಾಲು ತಗೀತಾರಂತ!" ಅಂತ ಸುದ್ದಿ ಹಬ್ಬಿತ್ತು. ಮೊದಲನೇ ಬಾಂವಿ ಬೆಳ್ಳಗ ಆತು, ಮಂದಿ ಚಪ್ಪಾಳಿ ತಟ್ಟಿದ್ರು. ಎರಡನೇದ್ದು ಇನ್ನೂ ಬೆಳ್ಳಗ, ಇನ್ನೂ ಜೋರು ಚಪ್ಪಾಳಿ. ಹಂಗಲ್ರಪಾ, ಬೆಳ್ಳಗಾದ್ರ ಕೆಟ್ಟದ್ದು ಅಂತ ಹೇಳಬೇಕು ಅನ್ನೂದ್ರಾಗ ಗೌಡ್ರ ಬಾಂವಿ ಬಂತು.

ಗೌಡ್ರು ಊರ ಹಿರಿಯರು, ನಮ್ಮ ಸಾಲಿ ಮಂಡಳಿಯಾಗೂ ಇದ್ದಾವರು. ಅವರ ನೀರಿಗೆ ಎರಡು ಹನಿ ಬಿಟ್ಟೆ. ಅಬಬಬ! ನಳಿಗ್ಯಾಗ ಕೆನಿಮೊಸರು ಬಿದ್ದಂಗ ಬಿತ್ತು. ಗೌಡ್ರು ಮೀಸಿ ಮ್ಯಾಲ ಕೈ ಹಾಕಿ, "ಊರಾಗ ಎಲ್ಲಾರಿಗಿಂತ ನಮ್ಮದ ಗಟ್ಟಿ ಅನ್ರಿ, ಮಾಸ್ತರ?" ಅಂದ್ರು.

ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. "ಹೌದ್ರಿ ಗೌಡ್ರ, ನಿಮ್ಮಷ್ಟು ಗಟ್ಟಿ ಯಾವುದೂ ಇಲ್ರಿ" ಅಂದೆ.

ಗೌಡ್ರು ಮನಿಗೆ ಹೋಗಿ, ಇನ್ನ ಮ್ಯಾಲ ಅಡಗಿಗೆ ನಮ್ಮ ಬಾಂವಿ ನೀರ ಬಳಸ್ರಿ ಅಂತ ಹುಕುಂ ಮಾಡಿದ್ರು. ಅವತ್ತಿಂದ ಆ ದೊಡ್ಡ ಮನ್ಯಾಗೂ ಬ್ಯಾಳಿ ಬೇಯೂದು ನಿಂತಿತು.

ಇತ್ತಾಗ ನನ್ನ ಗತಿ ಬ್ಯಾರೇನ ಆಗಿತ್ತು. ಸಿಲ್ವರ್ ನೈಟ್ರೇಟ್ ಕೈಮ್ಯಾಲ ಹರದು ಬಿಸಲಿಗೆ ಬಿದ್ರ ಚರ್ಮ ಕರ್ರಗ ಆಗತೈತಿ. ಮರುದಿನ ಎದ್ದು ನೋಡ್ತೇನಿ, ಬಲಗೈ ಐದೂ ಬಳ್ಳು ಹಂಚಿನ ತಳ ಆಗ್ಯಾವ. ಹೆಂಡ್ತಿ ಬೂದಿ ಹಾಕಿ, ಲಿಂಬಿ ಹಾಕಿ, ಕಡೀಕೆ ತೆಂಗಿನ ಜುಂಗು ತಗೊಂಡು ಭಾಂಡಿ ತಿಕ್ಕಿದಂಗ ತಿಕ್ಕಿದ್ಲು. ಚರ್ಮ ಸುಲೀತು, ಬಣ್ಣ ಹೋಗಲಿಲ್ಲ.

ಮೂರನೇ ದಿನ ಗೌಡ್ರು ಸಾಲಿಗೆ ಬಂದ್ರು. ಬ್ಯಾಳಿ ವಿಷಯ ತಗದು ಉಗೀತಾರ ಅಂತ ನಾ ಕೈ ಬೆನ್ನಿಂದ ಇಟ್ಟುಕೊಂಡು ನಿಂತೆ. ಅವರ ಕಣ್ಣು ನೆಟ್ಟಗ ಅಲ್ಲೇ ಬಿತ್ತು. "ಇದೇನ್ರಿ, ವೋಟ್ ಹಾಕಿದ್ರ ಒಂದ ಬಳ್ಳಿಗೆ ಹಚ್ತಾರ, ನಿಮಗ ಐದಕ್ಕೂ ಹಚ್ಯಾರಲ್ಲ?"

ಮತ್ತ ಮಾಸ್ತರಕಿ ಚಟ. "ಬರೋಬ್ಬರಿ ಹೇಳಿದ್ರಿ ಗೌಡ್ರ! ಆ ಶಾಯಿಯೊಳಗ ಇರೂದೂ ಇದ ಬೆಳ್ಳಿ ಉಪ್ಪು. ಚರ್ಮದಾಗ ಕುಂತಿತು ಅಂದ್ರ ತಗಿಯಾಕ ಬರಂಗಿಲ್ಲ" ಅಂತ ಹುಮ್ಮಸ್ಸಿಲೆ ವಿವರಿಸಿದೆ.

ಗೌಡ್ರು ಬ್ಯಾಳಿ ಸುದ್ದಿ ಮರತ ಬಿಟ್ರು. ಆಚೆ ಈಚೆ ನೋಡಿ, ನನ್ನ ಹೆಗಲ ಮ್ಯಾಲ ಕೈ ಇಟ್ಟು, ಸಣ್ಣ ದನಿಲೆ ಅಂದ್ರು, "ಮಾಸ್ತರ, ಮುಂದಿನ ಇಲೆಕ್ಷನ್ನಿಗೆ ನಾ ನಿಂದ್ರಾಂವ ಇದ್ದೇನಿ. ಹಚ್ಚೂದು ಗೊತ್ತಿದ್ದಾವಗ ತಗಿಯೂದೂ ಗೊತ್ತಿರತೈತಿ. ಸ್ವಲ್ಪ ಓದಿ ಇಡ್ರಿ."

೪. ಅಳಿಯಂದ್ರಿಗೆ ಇನ್ನೆರಡು ಹಾಕವ್ವಾ

ಪಂಚಮಿ ಹತ್ತರ ಬಂತು. ಮಾವ ಬರೂದು ನಾಳೆ ಅನ್ನೂದ್ರಾಗ ನನಗ ಹೊಳೀತು. ಬಟ್ಟಿ ಒಗಿಯೂ ಸೋಡಾ! ಗಡಸು ನೀರಿಗೆ ಅದನ್ನ ಹಾಕಿದ್ರ, ಬ್ಯಾಳಿ ಕೆಡಸೂ ಕ್ಯಾಲ್ಸಿಯಂ ಎಲ್ಲಾ ಸುಣ್ಣದ ಪುಡಿಯಂಗ ತಳಕ್ಕ ಬೀಳತೈತಿ. ಮ್ಯಾಲಿನ ತಿಳಿ ನೀರು ಮೆತ್ತಗ ಆಗತೈತಿ. ಪುಸ್ತಕದಾಗ ಬರದದ್ದು ಸುಳ್ಳಲ್ಲ, ಆದ್ರ ಎಷ್ಟು ಬೇಕೋ ಅಷ್ಟ ಹಾಕಬೇಕು ಅಂತೂ ಬರದಿತ್ತು.

ಒಂದು ಹಂಡೆ ಬಾಂವಿ ನೀರಿಗೆ ಒಂದು ಹಿಡಿ ಹಾಕಿದೆ. ಬೆಳ್ಳಗ ಮೋಡ ಎದ್ದಿತು. ಸಾಕಾಗಿತ್ತು. ಆದ್ರ ಹೆಂಡ್ತಿ ನಾಳೆ ಹೋದ್ರ ತಿರುಗಿ ಬರಂಗಿಲ್ಲ ಅನ್ನೂ ಅಂಜಿಕಿ ಬೆನ್ನಿಗಿತ್ತಲ್ಲ, ಇರಲಿ ಅಂತ ಮತ್ತೊಂದು ಹಿಡಿ ಹಾಕಿದೆ. ಮನಸಿಗೆ ಸಮಾಧಾನ ಆಗಲಿ ಅಂತ ಮೂರನೇದ್ದು.

ಮುಂಜಾನೆ ನೋಡಿದ್ರ ಮ್ಯಾಲ ಕನ್ನಡಿಯಂಥಾ ನೀರು, ಕೆಳಗ ಬಳ್ಳು ದಪ್ಪ ಬಿಳಿ ತಳ. ಹೆಂಡ್ತೀನ ಕರದು ತೋರಿಸಿದೆ. "ಅಯ್ಯ ಶಿವನ! ಖರೇನ ಸುಣ್ಣ ಕುಂತೈತ್ರೀ!" ಅಂತ ಅಕಿ ಕಣ್ಣು ಅಗಲ ಮಾಡಿ ನನ್ನ ನೋಡಿದ್ಲು. ಮದುವಿ ಆದ ಮ್ಯಾಲ ಅಕಿ ನನ್ನ ಹಂಗ ನೋಡಿದ್ದು ಅದ ಮೊದಲು. ನನಗ ಭಾಳ ಸಂತೋಷ ಆತು.

ಕಡ್ಲಿಬ್ಯಾಳಿ ಇಟ್ಲು, ಚಿಟಿಗಿ ಅರಿಷಿಣ ಹಾಕಿದ್ಲು. ಅರ್ಧ ತಾಸಿಗೆ ಒಳಗಿಂದ ದನಿ ಬಂತು. "ರೀ, ಇಲ್ಲೆ ಬರ್ರಿ ಒಂದೀಟು."

ಬ್ಯಾಳಿ ಬೆಂದಿತ್ತು. ಬೆಂದದ್ದಷ್ಟ ಅಲ್ಲ, ಕರಗಿ ಅಂಬಲಿ ಆಗಿತ್ತು. ಬಣ್ಣ ನೋಡಿದ್ರ ಕೆಂಪಗ ಕುಂಕುಮ! ಅರಿಷಿಣಕ್ಕ ಕ್ಷಾರ ಕೂಡಿದ್ರ ಕೆಂಪಾಗತೈತಿ ಅಂತ ಅದ ವಾರ ಒಂಬತ್ತನೇ ಕ್ಲಾಸಿನ್ಯಾಗ ನಾನ ಕಲಸಿದ್ದೆ. "ಬೆಲ್ಲ ಹಾಕಿದ್ರ ಎಲ್ಲಾ ಮುಚ್ಚಿಹೋಗತೈತಿ, ಹಾಕು" ಅಂದೆ. ಹಾಕಿ ರುಬ್ಬಿದ್ಲು. ಒಂದು ಉಂಡಿ ಬಾಯಾಗ ಇಟ್ಟೆ. ಮಂದಿ ಅರಿವಿ ಒಗಿಯೂ ಹಳ್ಳದ ದಂಡಿ ನೆನಪಾತು.

ಮಾವ ಆಗಲೇ ಬಸ್ಸಿನ್ಯಾಗ ಇದ್ರು. ಹೆಂಡ್ತಿ ಬಯ್ಯಲಿಲ್ಲ. ಬೈದಿದ್ರ ಛಲೋ ಇತ್ತು. ಒಲಿ ಮುಂದ ಕುಂತು, ಮಾರಿ ಆಚೆ ತಿರಗಿಸಿ ಕಣ್ಣು ಒರಸಿಕೊಂಡ್ಲು. ನಾನೂ ಕಣ್ಣಾಗ ನೀರು ತಂದುಕೊಂಡು ಅಕಿ ಬಾಜು ಕುಂತೆ. "ತಪ್ಪು ನಂದ" ಅಂದೆ. ಎರಡು ತಿಂಗಳಾಗ ಆ ಮಾತು ಆಡಿದ್ದು ಮೊದಲನೇ ಸಲ. "ನೀ ಹೋದ್ರ ಈ ಮನ್ಯಾಗ ನನಗ ಇರಾಕ ಆಗಂಗಿಲ್ಲ."

ಅಕಿ ಮೂಗು ಏರಿಸಿಕೊಂಡು ಅಂದ್ಲು, "ಅಳಬ್ಯಾಡ್ರಿ. ಅಜ್ಜಿ ಮನಿಗೆ ಹೋಗಿ ಎರಡು ಕೊಡ ಕೆರಿ ನೀರು ತರ್ರಿ."

ಹೋದೆ. ಅಜ್ಜಿ ನೀರು ಕೊಟ್ಲು. "ಬೆಂಕಿಲೆ ಬೇಯಲಿಲ್ಲೇನ್ರಿ?" ಅಂತ ಇಷ್ಟ ಕೇಳಿದ್ಲು. ಎರಡೂ ಕೊಡ ಹೊತ್ತುಕೊಂಡು ಓಣ್ಯಾಗ ಹಾದು ಬಂದೆ. ಸಾಲಿ ಹುಡುಗ್ರು ನಮಸ್ಕಾರ ಮಾಡಿದ್ರು, ಕೈ ಎತ್ತಾಕ ಬರಲಿಲ್ಲ.

ಮಾವ ಬರೂದ್ರಾಗ ಹಳದಿ ಹೂರಣದ ಹೋಳಿಗಿ ಒಂದು ಬುಟ್ಟಿ ತಯಾರ ಆತು. ಕೆಂಪು ಹೂರಣ ಏನು ಮಾಡೂದು? ಚೆಲ್ಲಿದ್ರ ಪಾಪ, ಅದರ ಮ್ಯಾಲ ಮಾವನ ಕಣ್ಣಿಗೆ ಬಿದ್ರ ಕೇಳ್ತಾರ. "ಅದನ್ನೂ ತಟ್ಟಿ ನನ್ನ ತಾಟಿಗೆ ಹಾಕು, ಎರಡು ತಿಂದು ಉಳದದ್ದು ಆಮ್ಯಾಲ ನೋಡೂಣು" ಅಂದೆ. ಎಂಟು ಕೆಂಪು ಹೋಳಿಗಿ ಬ್ಯಾರೆ ಬುಟ್ಟ್ಯಾಗ ಕುಂತವು.

ಮಾವ ಬಂದ್ರು, ವಿಭೂತಿ ಹಚ್ಚಿಕೊಂಡು ಊಟಕ್ಕ ಕುಂತ್ರು. ಒಂದು ಹೋಳಿಗಿ ಮುರದು ತುಪ್ಪಕ್ಕ ಅದ್ದಿ, "ವಾ! ನಮ್ಮೂರ ನೀರಾಗ ಮಾಡಿದಂಗ ಆಗೈತಿ ಯವ್ವಾ" ಅಂದ್ರು. ಹೆಂಡ್ತಿ ಮಾರಿ ಅರಳಿತು. ನಾ ಗೆದ್ದೆ ಅಂದುಕೊಂಡು ನನ್ನ ಎರಡನ್ನ ಉಸಿರು ಹಿಡದು ಗಬಗಬ ನುಂಗಿದೆ.

ಅಲ್ಲೇ ತಪ್ಪಾತು. ಬೀಗತನದಾಗ ತಾಟು ಖಾಲಿ ಮಾಡಿದಾವಗ ಒತ್ತಾಯ ತಪ್ಪಂಗಿಲ್ಲ. "ಓಹೋ, ಅಳಿಯಂದ್ರಿಗೆ ಹೋಳಿಗಿ ಅಂದ್ರ ಪ್ರಾಣ! ಇನ್ನೆರಡು ಹಾಕವ್ವಾ" ಅಂದ್ರು ಮಾವ. ಹೆಂಡ್ತಿ ಲಗೂನ ಹಳದಿ ಬುಟ್ಟಿಗೆ ಕೈ ಹಾಕಿದ್ಲು. "ಅವಲ್ಲವ್ವಾ, ಆ ಕೆಂಪನ್ನವು ಹಾಕು. ಅವ ಸೇರ್ಯಾವ ಅವರಿಗೆ."

ನಾಲ್ಕಾದ್ವು. ಹಿರಿಯರ ಕೈ ಅಡ್ಡ ಹಿಡದು ಒಲ್ಲೆ ಅನ್ನೂದು ನಮ್ಮ ಕಡೆ ಸಂಪ್ರದಾಯ ಅಲ್ಲ. "ನನ್ನ ಮ್ಯಾಲ ಆಣಿ" ಅಂತ ಐದನೇದ್ದು. "ಮಗಳ ಮ್ಯಾಲ ಪ್ರೀತಿ ಇದ್ರ" ಅಂತ ಆರನೇದ್ದು. ಏಳನೇದ್ದಕ್ಕ ತಾವ ಕೈಯಾರ ತುಪ್ಪ ಸುರದು, "ಇಲ್ಲಿ ನೀರು ಹೆಂಗೈತ್ರಿ?" ಅಂತ ಕೇಳಿದ್ರು. ನನ್ನ ನಾಲಿಗಿ ಸುಲದಿತ್ತು, ಕಣ್ಣಾಗ ನೀರು ಬಂದಿತ್ತು. "ಭಾಳ ಛಲೋ ಐತ್ರಿ" ಅಂದೆ. ಹೆಂಡ್ತಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗ ಓಡಿದ್ಲು. ಅಳಾಕೋ ನಗಾಕೋ ಗೊತ್ತಾಗಲಿಲ್ಲ.

ಮಧ್ಯಾಹ್ನ ಹುಬ್ಬಳ್ಳಿ ಬಸ್ಸಿಗೆ ಅವರನ್ನ ಬಿಡಾಕ ಸ್ಟ್ಯಾಂಡಿಗೆ ಹೋದೆ. ನನ್ನ ಹೊಟ್ಟಿ ಗುಡುಗುಡು ಸುರು ಮಾಡಿತ್ತು. ಹೆಂಡ್ತಿ ಹತ್ತಿ ಕಿಡಕಿ ಬಾಜು ಕುಂತ್ಲು, ನನ್ನ ಕಡೆ ನೋಡಲಿಲ್ಲ. ಹೋತು, ಇಕಿ ಇನ್ನ ಬರಂಗಿಲ್ಲ ಅಂದುಕೊಂಡೆ.

ಮಾವ ನನ್ನ ಬಾಜೂಕ ಕರಕೊಂಡು ಹೋದ್ರು. "ಅಳಿಯಂದ್ರ, ನೀವು ಕೈ ತೊಳ್ಯಾಕ ಹೋದಾಗ, ಇವರು ಹಂಗ ತಿಂದ್ರಲ್ಲ, ಏನು ರುಚಿ ಐತಿ ನೋಡೂಣು ಅಂತ ಆ ಎಂಟನೇದ್ದನ್ನ ನಾ ಒಂದೀಟು ಮುರದು ಬಾಯಾಗ ಹಾಕ್ಕೊಂಡೆ."

ನಾ ನೆಲ ನೋಡಿದೆ.

"ಆಮ್ಯಾಲ ಮಗಳನ್ನ ಕೇಳಿದೆ, ಎಲ್ಲಾ ಹೇಳಿದ್ಲು" ಅಂದ್ರು. ರುಮಾಲು ಸರಿ ಮಾಡಿಕೊಂಡ್ರು. "ಮಾಡಿದ್ದುಣ್ಣೋ ಮಾರಾಯ ಅಂತ ಗಾದಿ ಎಲ್ಲಾರೂ ಹೇಳ್ತಾರ್ರಿ. ಒಂದು ಮಾತು ಆಡಲಾರದ ಏಳು ಉಂಡಾವನ್ನ ನಾ ಇವತ್ತ ನೋಡಿದೆ. ಪಂಚಮಿ ಆಗಿ ಎಂಟು ದಿನಕ್ಕ ಇಕಿನ್ನ ನಾನ ಕರಕೊಂಡು ಬಂದು ಬಿಟ್ಟುಹೋಗ್ತೇನಿ. ಅಂಜಬ್ಯಾಡ್ರಿ."

ನನಗ ಅವರ ಕಾಲಿಗೆ ಬೀಳಬೇಕು ಅನ್ನಿಸ್ತು. ಆದ್ರ ಬಗ್ಗೂ ಪರಿಸ್ಥಿತಿಯಾಗ ಹೊಟ್ಟಿ ಇರಲಿಲ್ಲ. ನಿಂತಲ್ಲೇ ಬಿಗಿಹಿಡಕೊಂಡು ಕೈ ಮುಗದೆ.

ಬಸ್ಸು ಹೊಂಟಿತು. ಆವಾಗ ಹೆಂಡ್ತಿ ಕಿಡಕ್ಯಾಗಿಂದ ಅರ್ಧ ಮೈ ಹೊರಗ ಹಾಕಿ, ಸ್ಟ್ಯಾಂಡಿನ್ಯಾಗಿದ್ದ ಗೌಡ್ರು, ಹೆಡ್ಮಾಸ್ತರು, ಮಂದಿ ಮಕ್ಕಳು ಎಲ್ಲಾರೂ ಕೇಳೂವಂಗ ಒದರಿದ್ಲು:

"ರೀ! ಚರಗ್ಯಾಗ ನೀರು ತುಂಬಿ ಬಾಗಲದ ಹಿಂದ ಇಟ್ಟೇನ್ರೀ! ನಿಂದ್ರಬ್ಯಾಡ್ರಿ, ಲಗೂನ ಓಡ್ರಿ!"